ಬಿಟ್ಟಿ ಟಿಕೆಟ್ಟಿನ ಬೆಲೆ

ಏರ್‌ಲೈನ್ ಕ್ರೆಡಿಟ್ ಕಾರ್ಡ್ ಮಾರುವವರದ್ದು ಒಂದೇ ಮಾತು: "ಹೇಗಿದ್ರೂ ಖರ್ಚು ಮಾಡ್ತೀರಿ, ಟಿಕೆಟ್ ಬಿಟ್ಟಿ ಸಿಗತ್ತಲ್ಲ ಸಾರ್!"

ಲೆಕ್ಕ ಹಾಕಿಯೇ ನೋಡೋಣ. ನೂರು ರೂಪಾಯಿ ಖರ್ಚಿಗೆ 2 ಮೈಲ್ ಕೊಡುವ ಕಾರ್ಡು, ವರ್ಷದ ಶುಲ್ಕ 3,000, ಶೇ. 18 ಜಿಎಸ್‌ಟಿ ಸೇರಿ 3,540 ಅಂತಿಟ್ಕೊಳ್ಳಿ. 6,000 ರೂಪಾಯಿಯ ಟಿಕೆಟ್‌ಗೆ 10,000 ಮೈಲ್ ಕೇಳ್ತಾರೆ. ತೆರಿಗೆ ಗಿರಿಗೆ ಅಂತ 1,000 ಕೈಯಿಂದಲೇ ಕಟ್ಟಬೇಕು. ಅಂದರೆ ಒಂದು ಮೈಲ್‌ಗೆ 50 ಪೈಸೆ. ಆ 10,000 ಮೈಲ್ ಸೇರಿಸೋಕೆ 5 ಲಕ್ಷ ಉಜ್ಜಬೇಕು! ಶುಲ್ಕ ಕಳೆದರೆ ಉಳಿಯೋದು 1,460. ಶುಲ್ಕವಿಲ್ಲದ, ಶೇ. 1 ಕ್ಯಾಶ್‌ಬ್ಯಾಕ್ ಕಾರ್ಡಾಗಿದ್ರೆ ಅಷ್ಟೇ ಖರ್ಚಿಗೆ 5,000 ಬರ್ತಿತ್ತು.

ಲಾಂಜಿನ ಊಟ? ಹೊರಗೆ ಎಷ್ಟು ಕೊಟ್ಟು ತಿಂತಿದ್ರೋ ಅಷ್ಟೇ ಅದರ ಬೆಲೆ. ಮನೆಯಿಂದ ಚಿತ್ರಾನ್ನ ಕಟ್ಕೊಂಡು ಹೋಗೋರಿಗೆ ಅದು ಸೊನ್ನೆ.

ನನ್ನ ದೊಡ್ಡ ತಕರಾರು ಬೇರೆ. ಮೈಲ್ ಅನ್ನೋದು ಏರ್‌ಲೈನೇ ಅಚ್ಚು ಹಾಕುವ ನೋಟು. ಅದಕ್ಕೆ ಬೆಲೆ ಕಟ್ಟೋರೂ ಅವರೇ. ನಾಳೆ ಅದೇ ಟಿಕೆಟ್‌ಗೆ 15,000 ಮೈಲ್ ಅಂದರೆ ಕೇಳೋರಿಲ್ಲ. ನಮ್ಮ ಬೆಂಗಳೂರಿನದೇ ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿತಲ್ಲ, ಕಿಂಗ್ ಕ್ಲಬ್ ಮೈಲ್ ಕೂಡಿಟ್ಟವರಿಗೆ ಹತ್ತೋಕೆ ಆ ವಿಮಾನಗಳೇ ಇರಲಿಲ್ಲ.

ಆಫೀಸಿನ ದುಡ್ಡಲ್ಲಿ ತಿಂಗಳಿಗೆ ನಾಲ್ಕು ಸಲ ಹಾರುವವರಿಗೆ ಇದು ಲಾಭವೇ ಇರಬಹುದು. ವರ್ಷಕ್ಕೊಮ್ಮೆ ವಿಮಾನ ಹತ್ತುವವರು ಕ್ಯಾಶ್‌ಬ್ಯಾಕ್ ತಗೊಳ್ಳಿ. ಈಗಾಗಲೇ ಮೈಲ್ ಇದೆಯಾ? ಕೂಡಿಡಬೇಡಿ, ಹಾರಿಬಿಡಿ.