ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ

ಗೇಮಿಂಗ್ ಲ್ಯಾಪ್‌ಟಾಪ್‌ನ ಬ್ಯಾಟರಿ ಜಾಸ್ತಿ ಹೊತ್ತು ಬರೋಕೆ ಏನು ಮಾಡ್ಬೇಕು ಅಂತ ಯಾರನ್ನಾದ್ರೂ ಕೇಳಿ. ಬ್ರೈಟ್‌ನೆಸ್ ತಗ್ಗಿಸಿ, ಬ್ಲೂಟೂತ್ ಆಫ್ ಮಾಡಿ, ಕೀಬೋರ್ಡಿನ ಬಣ್ಣದ ದೀಪ ಆರಿಸಿ. ಎಲ್ಲರದ್ದೂ ಅದೇ ಮಂತ್ರ. ಸುಳ್ಳೇನಲ್ಲ, ಬ್ರೈಟ್‌ನೆಸ್ ಇಳಿಸಿದ್ರೆ ಒಂದೆರಡು ವ್ಯಾಟ್ ಉಳಿಯುತ್ತೆ. ಆದರೆ ಈ ಸಲಹೆಗಳೆಲ್ಲ ಮಾಮೂಲಿ ಲ್ಯಾಪ್‌ಟಾಪಿಗೆ ಹೇಳಿದವು. ಗೇಮಿಂಗ್ ಲ್ಯಾಪ್‌ಟಾಪ್‌ನ ಹಸಿವೇ ಬೇರೆ.

ಲೆಕ್ಕ ನೋಡಿ. ಬ್ಯಾಟರಿ 60 ವ್ಯಾಟ್-ಅವರ್ ಅಂತಿಟ್ಟುಕೊಳ್ಳಿ. ಬ್ರೌಸರ್, ಮೇಲ್, ಒಂದು ಎಕ್ಸೆಲ್ ಶೀಟ್ ತೆರೆದು ಕೂತಾಗ ಯಂತ್ರ 10 ವ್ಯಾಟ್ ಎಳೆದರೆ 6 ಗಂಟೆ ಬರುತ್ತೆ. ಅದೇ ಕೆಲಸಕ್ಕೆ 25 ವ್ಯಾಟ್ ಎಳೆದರೆ ಎರಡೂವರೆ ಗಂಟೆಯೂ ಬರಲ್ಲ. ಈ ವ್ಯತ್ಯಾಸದಲ್ಲಿ ದೊಡ್ಡ ಪಾಲು ಒಂದೇ ಪ್ರಶ್ನೆಯದ್ದು: ದೊಡ್ಡ ಗ್ರಾಫಿಕ್ಸ್ ಚಿಪ್ ಮಲಗಿದೆಯಾ, ಎದ್ದು ಕೂತಿದೆಯಾ?

ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಗ್ರಾಫಿಕ್ಸ್ ಎರಡು. ಪ್ರೊಸೆಸರ್ ಒಳಗಿನದು ಚಿಕ್ಕದು, ಗೇಮ್‌ಗೆ ಅಂತ ಪ್ರತ್ಯೇಕವಾಗಿ ಕೂರಿಸಿದ್ದು ದೊಡ್ಡದು. ಬೇಡದಾಗ ದೊಡ್ಡದನ್ನು ಪೂರ್ತಿ ಮಲಗಿಸುವ ಆಪ್ಟಿಮಸ್ ಎಂಬ ವ್ಯವಸ್ಥೆಯನ್ನು ಎನ್ವಿಡಿಯಾ 2010ರಲ್ಲೇ ತಂದಿತ್ತು. ಹಾಗಿದ್ರೂ ಅದು ನಿದ್ದೆಗೆಡೋಕೆ ಸಣ್ಣ ನೆಪ ಸಾಕು. ಗೇಮ್ ಲಾಂಚರ್, ಆಡೋ ವಾಲ್‌ಪೇಪರ್, ಹಿನ್ನೆಲೆಯಲ್ಲಿ ಓಡೋ ವಿಡಿಯೋ ಎಡಿಟರ್, ಯಾವುದಾದರೂ ಒಂದು ತಟ್ಟಿ ಎಬ್ಬಿಸಬಹುದು. ಹಲವು ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರವಾಗಿ ದೊಡ್ಡ ಚಿಪ್‌ಗೇ ಜೋಡಣೆ ಆಗಿರುತ್ತೆ. ಹೊರಗಿನ ಮಾನಿಟರ್ ಸಿಕ್ಕಿಸಿದ್ರೋ, ಮುಗೀತು, ಅದಕ್ಕೆ ನಿದ್ದೆಯೇ ಇಲ್ಲ. ಅಷ್ಟರ ಮಧ್ಯೆ ನೀವು ಬ್ಲೂಟೂತ್ ಆರಿಸಿ ಪ್ರಯೋಜನ ಏನು? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಮಾಡಬೇಕಾದ್ದು ಕೆಲವೇ. ಕಂಪನಿಯ ಆ್ಯಪ್‌ನಲ್ಲಿ ಗ್ರಾಫಿಕ್ಸ್ ಹೈಬ್ರಿಡ್ ಮೋಡ್‌ನಲ್ಲಿದೆಯಾ ನೋಡಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ ಒಳಗೆ ಗ್ರಾಫಿಕ್ಸ್ ಅಂತಿದೆ. ಗೇಮ್ ಬಿಟ್ಟು ಉಳಿದ ಆ್ಯಪ್‌ಗಳಿಗೆ ಪವರ್ ಸೇವಿಂಗ್ ಆರಿಸಿ. 144 ಅಥವಾ 165 ಹರ್ಟ್ಜ್‌ನ ಪರದೆಯನ್ನು ಬ್ಯಾಟರಿ ಮೇಲಿದ್ದಾಗ 60ಕ್ಕೆ ಇಳಿಸಿ. ಎಕ್ಸೆಲ್‌ಗೆ ಅಷ್ಟು ವೇಗ ಯಾಕೆ? ದಿನವಿಡೀ ಚಾರ್ಜರ್‌ಗೆ ಸಿಕ್ಕಿಸಿಡೋರು ಚಾರ್ಜಿಂಗ್‌ಗೆ 80 ಪರ್ಸೆಂಟ್ ಮಿತಿ ಹಾಕಿ. ಅದರಿಂದ ಇವತ್ತಿನ ಗಂಟೆ ಹೆಚ್ಚಲ್ಲ, ಬ್ಯಾಟರಿಯ ಆಯುಸ್ಸು ಹೆಚ್ಚುತ್ತೆ.

ನನ್ನ ಸಿಟ್ಟು ಇರೋದು ಇಲ್ಲೇ. ಇದೆಲ್ಲ ಹತ್ತು ನಿಮಿಷದ ಕೆಲಸ. ಬ್ಯಾಟರಿಗೆ ಬದಲಾದ ತಕ್ಷಣ ಯಂತ್ರ ತಾನೇ ಮಾಡಿಕೊಳ್ಳಬಹುದು. ಕೆಲವು ಮಾಡೆಲ್‌ಗಳು ಮಾಡ್ತವೆ ಕೂಡ. ಉಳಿದವುಗಳಲ್ಲಿ ಸೆಟ್ಟಿಂಗ್‌ಗಳು ನಾಲ್ಕು ಮೆನು ಕೆಳಗೆ ಹೂತಿರ್ತವೆ. ಜಾಹೀರಾತಿನ 'ಇಷ್ಟು ಗಂಟೆವರೆಗೆ' ಅನ್ನೋ ಮಾತಿನ ಪಕ್ಕ ಒಂದು ಪುಟ್ಟ ನಕ್ಷತ್ರ ಇರುತ್ತೆ. ಅಡಿಟಿಪ್ಪಣಿಗೆ ಹೋದ್ರೆ ಅದು ಎಷ್ಟೋ ಸಲ ಬ್ರೈಟ್‌ನೆಸ್ ತಗ್ಗಿಸಿ ವಿಡಿಯೋ ಓಡಿಸಿ ಪಡೆದ ಲೆಕ್ಕ. ನಮ್ಮ ಟೀಮ್ಸ್ ಮೀಟಿಂಗ್ ಅದರಲ್ಲಿ ಸೇರಿಲ್ಲ.

ದೊಡ್ಡ ಬ್ಯಾಟರಿ ಹಾಕಲಿ ಅಂದ್ರೆ ಅದಕ್ಕೂ ಗೋಡೆ ಇದೆ. 100 ವ್ಯಾಟ್-ಅವರ್ ದಾಟಿದ್ರೆ ವಿಮಾನಕ್ಕೆ ಒಯ್ಯೋಕೆ ಏರ್‌ಲೈನ್ ಅನುಮತಿ ಬೇಕು. ಅದಕ್ಕೇ ದುಬಾರಿ ಮಾಡೆಲ್‌ಗಳು 99ರ ಆಸುಪಾಸಿನಲ್ಲೇ ನಿಲ್ಲೋದು. ಇನ್ನು ಉಳಿದ ದಾರಿ ದಕ್ಷತೆ ಒಂದೇ.

ಆಫೀಸಿಗೊಂದು, ಆಟಕ್ಕೊಂದು ಕೊಳ್ಳೋ ಶಕ್ತಿ ಎಲ್ಲರಿಗಿಲ್ಲ. ಇಎಂಐ ಕಟ್ಟಿ ಒಂದನ್ನೇ ತಗೊಂಡು, ಕರೆಂಟ್ ಹೋದ ಮಧ್ಯಾಹ್ನ ಅದರಲ್ಲೇ ಮೀಟಿಂಗ್ ಮುಗಿಸೋರಿದ್ದಾರೆ. ಬ್ಯಾಟರಿಯಲ್ಲಿ ಫುಲ್ ಸ್ಪೀಡ್ ಗೇಮ್ ಆಡಿಸಿ ಅಂತ ಇವರು ಕೇಳ್ತಿಲ್ಲ. ಆಟ ಇಲ್ಲದಾಗ ಸುಮ್ಮನೆ ಮಲಗೋದು ಕಲಿಸಿ ಕಳಿಸಿ ಅಂತಿದ್ದಾರೆ, ಅಷ್ಟೇ. ಮುಂದಿನ ಸಲ ಅಂಗಡಿಯಲ್ಲಿ ಎಫ್‌ಪಿಎಸ್ ಎಷ್ಟು ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಸುಮ್ಮನೆ ಕೂತಾಗ ಇದು ಎಷ್ಟು ವ್ಯಾಟ್ ತಿನ್ನುತ್ತೆ?