ಬ್ರಿಸೇಯಿಸಳ ಕಥೆಯೋ, ಅಕಿಲೀಸನದೋ?

ಟ್ರಾಯ್ ಯುದ್ಧದ ಕಥೆ ಹೇಳುವ ಹೋಮರನ ‘ಇಲಿಯಡ್’ ಶುರುವಾಗುವುದೇ ಸೆರೆಸಿಕ್ಕ ಹೆಂಗಸರನ್ನು ಹಂಚಿಕೊಳ್ಳುವ ಜಗಳದಿಂದ. ಗ್ರೀಕರ ದಂಡನಾಯಕ ಅಗಮೆಮ್ನಾನ್ ತನ್ನ ಪಾಲಿಗೆ ಬಂದವಳನ್ನು ಅವಳ ಅಪ್ಪನಿಗೆ ಒಪ್ಪಿಸಬೇಕಾಗುತ್ತದೆ. ಆ ನಷ್ಟ ತುಂಬಿಕೊಳ್ಳಲು ತನ್ನ ಪಡೆಯ ವೀರ ಅಕಿಲೀಸನ ಪಾಲಿನ ಬ್ರಿಸೇಯಿಸಳನ್ನು ಕಿತ್ತುಕೊಳ್ಳುತ್ತಾನೆ. ಅಕಿಲೀಸ್ ಮುನಿಸಿಕೊಂಡು ಯುದ್ಧ ಬಿಟ್ಟು ಕೂರುತ್ತಾನೆ, ಹೆಣಗಳು ಉರುಳುತ್ತವೆ. ಇಷ್ಟಕ್ಕೆಲ್ಲ ಕಾರಣವಾದವಳು ಇಡೀ ಕಾವ್ಯದಲ್ಲಿ ಬಾಯಿ ತೆರೆಯುವುದು ಒಂದೇ ಸಲ. ಪ್ಯಾಟ್ ಬಾರ್ಕರ್ ಅವರ ‘ದಿ ಸೈಲೆನ್ಸ್ ಆಫ್ ದಿ ಗರ್ಲ್ಸ್’ (2018) ಕಾದಂಬರಿ ಬಹುಪಾಲು ಅವಳ ಬಾಯಲ್ಲೇ ನಡೆಯುತ್ತದೆ.

ಹೆಣ್ಣುಮಕ್ಕಳ ಮೌನ ಎಂದು ಹೆಸರಿಟ್ಟಿದ್ದಾರೆ, ಸರಿ. ಆದರೆ ಹೋಮರ್ ಅಷ್ಟೊಂದು ಕಿವುಡನಲ್ಲ. 19ನೇ ಕಾಂಡದಲ್ಲಿ ಅಕಿಲೀಸನ ಗೆಳೆಯ ಪೆಟ್ರೋಕ್ಲಸನ ಹೆಣದ ಮೇಲೆ ಬಿದ್ದು ಅಳುವ ಬ್ರಿಸೇಯಿಸ್, ತನ್ನ ಗಂಡನನ್ನು ಅಕಿಲೀಸ್ ಕೊಂದದ್ದನ್ನೂ ಮೂವರು ಅಣ್ಣತಮ್ಮಂದಿರು ಸತ್ತದ್ದನ್ನೂ ಹೇಳಿಕೊಳ್ಳುತ್ತಾಳೆ. ಅದೇ ಅಕಿಲೀಸನಿಗೆ ಮದುವೆ ಮಾಡಿಸುತ್ತೇನೆಂದು ಪೆಟ್ರೋಕ್ಲಸ್ ಅವಳನ್ನು ಸಮಾಧಾನ ಮಾಡಿದ್ದನಂತೆ! ಸುತ್ತಲಿನ ಹೆಂಗಸರೂ ಅಳುತ್ತಾರೆ, ಹೆಸರಿಗೆ ಪೆಟ್ರೋಕ್ಲಸನಿಗಾಗಿ, ಒಳಗೆ ಒಬ್ಬೊಬ್ಬಳೂ ತನ್ನ ತನ್ನ ಪಾಡಿಗಾಗಿ. ಇದನ್ನು ಕಂಡವನು ಹೋಮರನೇ.

ಬಾರ್ಕರ್ ಗೆಲ್ಲುವುದು ಇಂಥ ಬಿರುಕುಗಳಿಗೆ ಕೈಹಾಕಿದಾಗ. ಟ್ರಾಯ್‌ನ ಮುದುಕ ರಾಜ ಪ್ರಿಯಾಮ್ ರಾತ್ರೋರಾತ್ರಿ ಶತ್ರುವಿನ ಬಿಡಾರಕ್ಕೆ ಬಂದು, ಮಗ ಹೆಕ್ಟರನನ್ನು ಕೊಂದ ಅಕಿಲೀಸನ ಕೈಗೆ ಮುತ್ತಿಟ್ಟು ಹೆಣ ಬೇಡುವ ಪ್ರಸಂಗಕ್ಕೆ ಕಣ್ಣೀರು ಹಾಕದವರಿಲ್ಲ. ಬಾರ್ಕರರ ಬ್ರಿಸೇಯಿಸ್ ಅಲ್ಲೇ ನಿಂತು ನೋಡುತ್ತಾಳೆ. ಯಾವ ಮನುಷ್ಯನೂ ಮಾಡದ್ದನ್ನು ತಾನು ಮಾಡಿದೆನೆಂದು ಪ್ರಿಯಾಮ್ ಹೇಳಿದರೆ, ಗಂಡನನ್ನೂ ಒಡಹುಟ್ಟಿದವರನ್ನೂ ಕೊಂದವನ ಹಾಸಿಗೆಗೆ ದಿನವೂ ಹೋಗಬೇಕಾದ ಹೆಂಗಸರ ಲೆಕ್ಕ ಅವಳ ಮನಸ್ಸಿಗೆ ಬರುತ್ತದೆ. ಹೋಮರನಲ್ಲೂ ಆ ರಾತ್ರಿ ಅಕಿಲೀಸನ ಪಕ್ಕದಲ್ಲಿ ಅವಳೇ ಮಲಗಿರುತ್ತಾಳೆ. ಅಲ್ಲಿ ಅದು ದಾಟಿಹೋಗುವ ಒಂದು ಸಾಲು. ಮೊದಲ ಮಹಾಯುದ್ಧದ ಬಗ್ಗೆ ಬರೆದು 1995ರಲ್ಲಿ ಬುಕರ್ ಪಡೆದ ಬಾರ್ಕರ್‌ಗೆ ಗಾಯಾಳುಗಳ ಡೇರೆ, ಇಲಿ, ಪಿಡುಗು ಎಲ್ಲ ಕೈವಶ. ಸೈನಿಕರ ಬಾಯಲ್ಲಿ ಇಂಗ್ಲಿಷರ ಕ್ಲಬ್ಬಿನ ಕುಡುಕ ಹಾಡು ಹಾಕಿದ್ದು ಮಾತ್ರ ನನಗೆ ರುಚಿಸಲಿಲ್ಲ.

ತಕರಾರು ಇರುವುದು ಬೇರೆ ಕಡೆ. ಎರಡನೇ ಭಾಗದಿಂದ ಕಥೆ ಆಗಾಗ ಅವಳನ್ನು ಬಿಟ್ಟು ಅಕಿಲೀಸನ ತಲೆಯೊಳಗೆ ಹೊಗುತ್ತದೆ: ಸಮುದ್ರದೇವತೆಯಾದ ತಾಯಿ, ಗೆಳೆಯನ ಸಾವು, ನಿದ್ದೆಯಿಲ್ಲದ ರಾತ್ರಿ. ಬರವಣಿಗೆ ಚೆನ್ನಾಗಿದೆ, ಆದರೆ ಇದನ್ನು ಹೋಮರ್ ಮೊದಲೇ ಕೊಟ್ಟಿದ್ದಾನೆ. ಇದೇ ಯುದ್ಧವನ್ನು ಹೆಣ್ಣಿನ ಬಾಯಲ್ಲಿ ಹೇಳಿಸುವ ಕ್ರಿಸ್ತಾ ವೋಲ್ಫ್ ಅವರ ‘ಕಸ್ಸಾಂದ್ರಾ’ (1983) ಈ ಆಮಿಷಕ್ಕೆ ಬೀಳುವುದಿಲ್ಲ. ಮೈಸಿನಿಯ ಸಿಂಹದ್ವಾರದೆದುರು ಸಾವಿಗೆ ಕಾದಿರುವವಳ ನೆನಪಿನಲ್ಲಿ ಅಕಿಲೀಸ್ ಬರೀ ಪಶು. ಇನ್ನು ನಮ್ಮ ಬಿ.ಎಂ.ಶ್ರೀ. ಟ್ರಾಯ್ ಯುದ್ಧದ ವೀರ ಅಜಾಕ್ಸನ ಗ್ರೀಕ್ ನಾಟಕವನ್ನು ‘ಅಶ್ವತ್ಥಾಮನ್’ ಮಾಡಿದಾಗ, ಸೋಫೋಕ್ಲಿಸನ ದುರಂತ ಉಳಿಯಲೆಂದು ಚಿರಂಜೀವಿಯನ್ನೇ ಸಾಯಿಸಿಬಿಟ್ಟರು. ಆ ಎದೆಗಾರಿಕೆ ಬಾರ್ಕರ್‌ಗಿಲ್ಲ. ಹೋಮರನ ಕಥೆಯ ಮುಖ್ಯ ಕಂಬಗಳನ್ನೆಲ್ಲ ಇದ್ದಲ್ಲೇ ಬಿಟ್ಟು ನೋಡುವ ಕಿಟಕಿಯನ್ನಷ್ಟೇ ಬದಲಿಸುತ್ತಾರೆ.

ಇಷ್ಟು ದಿನ ತಾನಿದ್ದದ್ದು ಅಕಿಲೀಸನ ಕಥೆಯೊಳಗೆ, ತನ್ನ ಕಥೆ ಇನ್ನು ಮೇಲೆ ಎಂದು ಕೊನೆಗೆ ಬ್ರಿಸೇಯಿಸಳೇ ಹೇಳುತ್ತಾಳೆ. ಪ್ರಾಮಾಣಿಕವಾದ ಮಾತು. ಆದರೆ ಅವಳ ಕಥೆ ಕೇಳಲೆಂದೇ ಪುಸ್ತಕ ಕೈಗೆತ್ತಿಕೊಂಡವರಿಗೆ ಅದನ್ನು ಕೊನೆಯ ಪುಟದಲ್ಲಿ ಹೇಳಿದರೆ ಹೇಗೆ?