ಇಬ್ಬರ ದುಡಿಮೆ, ಒಬ್ಬರ ಹೆಸರು

ಅಫಜಲಪುರ ತಾಲ್ಲೂಕಿನ ಅತನೂರ ಕಡೆ ಯಾರಾದರೂ ಪ್ಲಾಟು ಹಿಡಿದ ಸುದ್ದಿ ತಿಳಿದ ಕೂಡಲೇ ಮಂದಿ ಕೇಳುವ ಮೊದಲ ಮಾತು, ‘ಯಾರ ಹೆಸರಿಗಿ ಮಾಡೀರಿ?’ ರೇಟಿನ ವಿಚಾರ ಆಮೇಲಿನದು. ಗೋಡೆ ಎಬ್ಬಿಸಿದವರು ಒಬ್ಬರು, ಉತಾರದಲ್ಲಿ ಹೆಸರಿದ್ದವರು ಇನ್ನೊಬ್ಬರು ಆದಾಗ ಏನಾಗುತ್ತದೆ ಎಂಬುದನ್ನು ಈ ನಾಡಿನ ಜನ ಅಣ್ಣತಮ್ಮಂದಿರ ಪಾಲಿನಲ್ಲೂ ವಿಧವೆಯರ ಬಾಳಿನಲ್ಲೂ ಕಂಡುಂಡಿದ್ದಾರೆ. ಮದುವೆಯಾಗದೆ ಕೂಡಿ ಬಾಳುವ ಇಬ್ಬರು ತಮ್ಮ ಮೊದಲ ಮನೆಗೆ ಕೈಹಾಕಿದಾಗ ಆ ಪ್ರಶ್ನೆಗೆ ಇನ್ನೂ ಹೆಚ್ಚಿನ ಹರಿತ ಬರುತ್ತದೆ. ಅಂಥವರು ಪಟ್ಟಣದಲ್ಲಷ್ಟೇ ಇರುತ್ತಾರೆ ಎಂಬುದು ತಪ್ಪು ತಿಳಿವಳಿಕೆ. ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗಿ ಅಲ್ಲಿ ಜೊತೆಯಾದವರಿದ್ದಾರೆ. ಜಾತಿ ಬೇರೆಯೆಂದು ಮನೆಯವರು ಅಕ್ಷತೆ ಹಾಕಲು ಒಪ್ಪದವರಿದ್ದಾರೆ. ಗಂಡ ಬಿಟ್ಟುಹೋಗಿ ವರ್ಷಗಳಾದರೂ ವಿಚ್ಛೇದನದ ಕಾಗದ ಕೈಗೆ ಬಾರದ ಹೆಣ್ಣುಮಕ್ಕಳಿದ್ದಾರೆ. ದೇವದಾಸಿಯಾಗಿ ಮುತ್ತು ಕಟ್ಟಿಸಿಕೊಂಡದ್ದರಿಂದ ಮದುವೆಯ ದಾರಿಯೇ ಮುಚ್ಚಿಹೋದವರಿದ್ದಾರೆ. ಇಂಥ ಜೋಡಿಗಳು ಸುಲಭವಾಗಿ ಜಾರಿಬೀಳುವ ರೂಢಿಯೊಂದಿದೆ: ದುಡ್ಡು ಇಬ್ಬರೂ ಹಾಕುವುದು, ಕಾಗದ ಒಬ್ಬರ ಹೆಸರಿಗೆ ಮಾಡಿಸುವುದು. ನನ್ನ ತಕರಾರು ಈ ರೂಢಿಯ ಮೇಲೆ. ಮದುವೆಯಿಲ್ಲದ ಜೋಡಿಗೆ ಮನೆಯನ್ನು ಎಟುಕದಂತೆ ಮಾಡುತ್ತಿರುವುದರಲ್ಲಿ ಇಟ್ಟಿಗೆ ಸಿಮೆಂಟಿನ ಬೆಲೆಗಿಂತ ಕಾಗದದ ಪಾತ್ರ ದೊಡ್ಡದು. ಆ ಕಾಗದದ ಕೊರತೆಗೆ ಜೋಡಿಯ ಭೋಳೆತನ ಎಷ್ಟು ಕಾರಣವೋ ಸರ್ಕಾರದ ಮತ್ತು ಬ್ಯಾಂಕಿನ ಕಟ್ಟಳೆಗಳೂ ಅಷ್ಟೇ ಕಾರಣ.

ಕೂಡಿ ಬಾಳುವುದು ಅಪರಾಧವಲ್ಲ. 2010ರಲ್ಲಿ ನಟಿ ಖುಷ್ಬೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಅದಕ್ಕೂ ಮೊದಲು ಬಂದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ‘ಮದುವೆಯ ಸ್ವರೂಪದ ಸಂಬಂಧ’ವನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡು, ಅಂಥ ಸಂಬಂಧದಲ್ಲಿರುವ ಹೆಣ್ಣಿಗೆ ಆ ಮನೆಯಲ್ಲಿ ಒಡೆತನವಿಲ್ಲದಿದ್ದರೂ ವಾಸದ ಹಕ್ಕು ಇದೆಯೆಂದಿತು. ಇದು ದೊಡ್ಡ ಹೆಜ್ಜೆಯೇ ಹೌದು. ಆದರೆ ವಾಸದ ಹಕ್ಕು ಬೇರೆ, ಒಡೆತನ ಬೇರೆ. ವಾಸದ ಹಕ್ಕನ್ನು ಪಡೆಯಲು ಸಂಬಂಧವನ್ನು ಕೋರ್ಟಿನಲ್ಲಿ ಸಾಬೀತುಪಡಿಸಬೇಕು, ಸಾಬೀತುಪಡಿಸುವುದು ಹೇಗೆಂಬುದಕ್ಕೆ ಅದೇ ಕೋರ್ಟಿನ 2010ರ ವೇಲುಸ್ವಾಮಿ ತೀರ್ಪು ಕಠಿಣ ಷರತ್ತುಗಳನ್ನು ಹಾಕಿತು. ಇಬ್ಬರೂ ಕಾನೂನಿನ ಪ್ರಕಾರ ಮದುವೆಗೆ ಅರ್ಹರಾಗಿರಬೇಕೆಂಬುದು ಅವುಗಳಲ್ಲೊಂದು. ಎಂದರೆ ವಿಚ್ಛೇದನದ ಕಾಗದಕ್ಕೆ ಕಾದು ಕೂತವಳು ಅಲ್ಲಿಗೇ ಹೊರಗುಳಿದಳು. ಆ ತೀರ್ಪಿನಲ್ಲಿ ಹೆಣ್ಣನ್ನು ಕುರಿತು ಬಂದ, ನಮ್ಮ ‘ಇಟ್ಟುಕೊಂಡವಳು’ ಎಂಬುದಕ್ಕೆ ಸಮನಾದ ಇಂಗ್ಲಿಷ್ ಪದಕ್ಕೆ ವಕೀಲೆ ಇಂದಿರಾ ಜೈಸಿಂಗ್ ನ್ಯಾಯಾಲಯದಲ್ಲೇ ಆಕ್ಷೇಪ ಎತ್ತಿದ್ದರು. ಆ ಆಕ್ಷೇಪ ನಮ್ಮ ಭಾಷೆಗೂ ತಾಗಬೇಕು. ‘ಇಟ್ಟುಕೊಂಡಾನ’ ಎನ್ನುವಾಗ ಹೆಣ್ಣು ಗಂಡಿನ ಮನೆಯಲ್ಲಿಟ್ಟ ಒಂದು ವಸ್ತು. ಅವಳ ದುಡಿಮೆಯಿಂದಲೂ ಎದ್ದ ಗೋಡೆಯ ಕಾಗದದಲ್ಲಿ ಅವಳ ಹೆಸರಿಲ್ಲದಿರುವುದು ಆ ಮಾತಿನದೇ ಮುಂದುವರಿಕೆ.

ಇಂಥದೇ ಇನ್ನೊಂದು, ಇಂದ್ರಾ ಶರ್ಮಾ ಪ್ರಕರಣ, ಕರ್ನಾಟಕದ್ದೇ ಆದ್ದರಿಂದ ಅದನ್ನು ತುಸು ನಿಧಾನವಾಗಿ ನೋಡಬೇಕು. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ ಅವಿವಾಹಿತ ಮಹಿಳೆ, ಹೆಂಡತಿ ಮಕ್ಕಳಿದ್ದ ಪುರುಷನೊಂದಿಗೆ 18 ವರ್ಷ ಬಾಳಿದರು, ಕೆಲಸವನ್ನೂ ಬಿಟ್ಟರು. ಕೆಳಗಿನ ಕೋರ್ಟು ತಿಂಗಳಿಗೆ 18,000 ರೂಪಾಯಿ ಕೊಡಿಸಿತ್ತು. ಹೈಕೋರ್ಟ್ ಅದನ್ನು ರದ್ದು ಮಾಡಿತು, 2013ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟನ್ನೇ ಎತ್ತಿಹಿಡಿಯಿತು. ಆತ ವಿವಾಹಿತನೆಂಬುದು ಅವರಿಗೆ ಮೊದಲಿನಿಂದ ಗೊತ್ತಿತ್ತು ಎಂಬುದೇ ನಿರ್ಣಾಯಕವಾಯಿತು. ಇದು ಕಠೋರ ತೀರ್ಪು ಎಂದೇ ನನ್ನ ಅಭಿಪ್ರಾಯ. ಆದರೂ ಅದರಲ್ಲಿ ಬಹಳ ಉಪಯುಕ್ತವಾದ ಒಂದು ಭಾಗವಿದೆ. ಮದುವೆಯ ಸ್ವರೂಪದ ಸಂಬಂಧವನ್ನು ಗುರುತಿಸುವ ಲಕ್ಷಣಗಳನ್ನು ಪಟ್ಟಿ ಮಾಡುವಾಗ ಕೋರ್ಟು ಜಂಟಿ ಬ್ಯಾಂಕ್ ಖಾತೆಯನ್ನೂ, ಇಬ್ಬರ ಹೆಸರಲ್ಲಿ ಅಥವಾ ಹೆಣ್ಣಿನ ಹೆಸರಲ್ಲಿ ಕೊಂಡ ಸ್ಥಿರಾಸ್ತಿಯನ್ನೂ ಹೆಸರಿಸಿತು. ಹಾಗಾಗಿ ಇಬ್ಬರ ಹೆಸರಿನ ಖರೀದಿ ಪತ್ರ ಎರಡು ಕೆಲಸ ಮಾಡುತ್ತದೆ. ಅದು ಒಡೆತನ ಕೊಡುತ್ತದೆ, ಮುಂದೊಂದು ದಿನ ಸಂಬಂಧವನ್ನೇ ಯಾರಾದರೂ ಅಲ್ಲಗಳೆದರೆ ಸಾಕ್ಷಿಯೂ ಆಗುತ್ತದೆ.

ಒಬ್ಬರ ಹೆಸರಿನ ಕಾಗದ ಇದಕ್ಕೆ ತದ್ವಿರುದ್ಧ. ಬೇನಾಮಿ ವ್ಯವಹಾರ ನಿಷೇಧ ಕಾಯ್ದೆ 1988ರದು, 2016ರಲ್ಲಿ ಬಿಗಿಯಾಯಿತು. ಗಂಡ ತನ್ನ ಸಕ್ರಮ ಗಳಿಕೆಯಲ್ಲಿ ಹೆಂಡತಿಯ ಹೆಸರಿಗೆ, ತಂದೆ ಮಕ್ಕಳ ಹೆಸರಿಗೆ ಆಸ್ತಿ ಕೊಂಡರೆ ಅದು ಬೇನಾಮಿಯಲ್ಲ ಎಂದು ಕಾಯ್ದೆ ವಿನಾಯಿತಿ ಕೊಡುತ್ತದೆ. ಮದುವೆಯಾಗದ ಸಂಗಾತಿಯ ಹೆಸರು ಆ ವಿನಾಯಿತಿಯಲ್ಲಿಲ್ಲ. ತನ್ನ ದುಡ್ಡನ್ನು ಸಂಗಾತಿಯ ಹೆಸರಿಗೆ ಹಾಕಿ ‘ಇದು ನನ್ನದೂ ಹೌದು’ ಎಂದು ಆಮೇಲೆ ಕೋರ್ಟಿಗೆ ಹೋದವರಿಗೆ ಕಾಯ್ದೆಯೇ ಎದುರಾಳಿಯಾಗಿ ನಿಲ್ಲಬಹುದು. ತಪ್ಪು ತಿದ್ದಿಕೊಳ್ಳಲು ದಾನಪತ್ರದ ದಾರಿ ಹಿಡಿದರೆ ಅದೂ ದುಬಾರಿ. ಕರ್ನಾಟಕದಲ್ಲಿ ರಕ್ತಸಂಬಂಧಿಗಳ, ಗಂಡಹೆಂಡಿರ ನಡುವಿನ ದಾನಪತ್ರಕ್ಕೆ ಚಿಕ್ಕ ನಿಗದಿತ ಮುದ್ರಾಂಕ ಸಾಕು. ಉಳಿದವರು ಮಾರುಕಟ್ಟೆ ಬೆಲೆಯ ನೂರಕ್ಕೆ 5ರಷ್ಟು ಕಟ್ಟಬೇಕು. ಮೇಲಾಗಿ ಸಂಬಂಧಿಯಲ್ಲದವರಿಂದ ಬಂದ 50,000 ರೂಪಾಯಿ ಮೀರಿದ ಕೊಡುಗೆಯನ್ನು ಆದಾಯ ತೆರಿಗೆ ಕಾನೂನು ಪಡೆದವರ ಆದಾಯವೆಂದೇ ಎಣಿಸುತ್ತದೆ. ಹೆಸರಿದ್ದವರು ವಿಲ್ ಬರೆಯದೆ ತೀರಿಕೊಂಡರಂತೂ ಮನೆ ಅವರ ಕಾನೂನುಬದ್ಧ ವಾರಸುದಾರರ ಕಡೆಗೆ ಹೋಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ವಾರಸುದಾರರ ಪಟ್ಟಿಯಲ್ಲಿ ಸಂಗಾತಿ ಎಂಬ ಸ್ಥಾನವೇ ಇಲ್ಲ.

ಹಳ್ಳಿಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಊರೊಳಗಿನ ಜಾಗ ಬಹಳ ಕಡೆ ನೂರು ರೂಪಾಯಿ ಬಾಂಡಿನ ಮೇಲೆಯೇ ಕೈ ಬದಲಾಗುತ್ತದೆ. ನೋಟರಿಯ ಮೊಹರು ಬಿದ್ದರೆ ಸಾಕೆಂದು ಜನ ನಂಬುತ್ತಾರೆ. ನೂರು ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿಯಿಂದಲೇ ಸಿಂಧುವಾಗಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳಿ ಶತಮಾನ ದಾಟಿತು. ಗಂಡಹೆಂಡಿರಾದರೆ ಬಾಂಡಿನ ಕೊರತೆಯನ್ನು ಸಂಬಂಧವೇ ಅಷ್ಟಿಷ್ಟು ತುಂಬುತ್ತದೆ. ಈ ಜೋಡಿಗೆ ಆ ಆಸರೆಯೂ ಇಲ್ಲ. ನೋಂದಣಿಗೆ ಹೋದರೂ ಪಂಚಾಯಿತಿಯ ಇ-ಸ್ವತ್ತು ದಾಖಲೆ ಕೈಯಲ್ಲಿಲ್ಲದೆ ಖರೀದಿ ಪತ್ರ ಆಗುವುದಿಲ್ಲ, ಖರೀದಿ ಪತ್ರವಿಲ್ಲದೆ ಬ್ಯಾಂಕಿನ ಸಾಲವಿಲ್ಲ.

ಸರ್ಕಾರದ ವಸತಿ ಯೋಜನೆಗಳು ಏನು ಮಾಡುತ್ತವೆ? ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಯಲುಸೀಮೆಯ ಮನೆಗೆ 1.20 ಲಕ್ಷ ರೂಪಾಯಿ ಕೊಡುತ್ತದೆ, ಜೊತೆಗೆ ಉದ್ಯೋಗ ಖಾತರಿಯ ಕೂಲಿ. ಮಂಜೂರಾತಿ ಗಂಡಹೆಂಡಿರ ಜಂಟಿ ಹೆಸರಿಗೆ, ಇಲ್ಲವೇ ಹೆಣ್ಣಿನ ಹೆಸರಿಗೆ. ವಿಧವೆ, ಅವಿವಾಹಿತರು, ಬೇರೆಯಾದವರಾದರೆ ಒಬ್ಬರ ಹೆಸರಿಗೆ. ನಮ್ಮ ರಾಜ್ಯದ ದೇವರಾಜ ಅರಸು ವಸತಿ ಯೋಜನೆ ವಿಧವೆಯರನ್ನೂ ಮಾಜಿ ದೇವದಾಸಿಯರನ್ನೂ ವಿಶೇಷ ವರ್ಗವೆಂದು ಗುರುತಿಸಿತು, ಅದನ್ನು ಮನಸಾರೆ ಮೆಚ್ಚಬೇಕು. ಆದರೆ ಈ ಎರಡೂ ಯೋಜನೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಒಂದು ಸಂಗತಿ ಕಾಣುತ್ತದೆ. ಸರ್ಕಾರ ಒಂಟಿ ಹೆಣ್ಣನ್ನು ಬಲ್ಲದು, ತಾಳಿ ಕಟ್ಟಿದ ದಂಪತಿಯನ್ನು ಬಲ್ಲದು. ಒಂದೇ ಒಲೆಯ ಮುಂದೆ ಕೂತ ಇಬ್ಬರನ್ನು ಮಾತ್ರ ಅರಿಯದು. ಅದೇ ಸರ್ಕಾರದ ಜನಗಣತಿಗೆ ಈ ಕುರುಡಿಲ್ಲ. ಗಣತಿಯಲ್ಲಿ ಕುಟುಂಬವೆಂದರೆ ಒಟ್ಟಿಗಿದ್ದು ಒಂದೇ ಅಡುಗೆಯಲ್ಲಿ ಉಣ್ಣುವವರು. 2011ರ ಎಣಿಕೆದಾರರಿಗೆ ಕೊಟ್ಟ ಸೂಚನೆಯಂತೂ, ಸ್ಥಿರವಾಗಿ ಕೂಡಿ ಬಾಳುತ್ತಿದ್ದೇವೆ ಎಂದವರನ್ನು ವಿವಾಹಿತರೆಂದೇ ಬರೆದುಕೊಳ್ಳಿ ಎಂದಿತ್ತು. ಎಣಿಸುವಾಗ ಒಪ್ಪಿದ ಸಂಬಂಧವನ್ನು ಸೂರು ಕೊಡುವಾಗ ಒಪ್ಪದಿರುವುದು ನ್ಯಾಯವಲ್ಲ.

ಬ್ಯಾಂಕುಗಳದ್ದೂ ಇದೇ ಕಥೆ. ಗೃಹಸಾಲಕ್ಕೆ ಸಹ-ಅರ್ಜಿದಾರರ ಪಟ್ಟಿ ಹಲವು ಬ್ಯಾಂಕುಗಳಲ್ಲಿ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರು ಎಂಬಲ್ಲಿಗೆ ಮುಗಿಯುತ್ತದೆ. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಒಬ್ಬರು ತಿಂಗಳಿಗೆ 15,000, ಇನ್ನೊಬ್ಬರು 12,000 ದುಡಿಯುತ್ತಾರೆ ಎನ್ನೋಣ. ಆದಾಯದ ಅರ್ಧ ಕಂತಿಗೆ ಹೋಗಬಹುದೆಂದರೆ ಇಬ್ಬರನ್ನೂ ಸೇರಿಸಿದಾಗ 13,500 ರೂಪಾಯಿಯ ಕಂತು, ಒಬ್ಬರನ್ನೇ ಹಿಡಿದರೆ 7,500. ಸಾಲದ ಮೊತ್ತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಎರಡು ಕೋಣೆ, ಶಹಾಬಾದ ಫರ್ಶಿಯ ಮನೆ ಆಗಬೇಕಾದದ್ದು ಪತ್ರಾಸಿನ ಮನೆಯಾಗಿ ಉಳಿಯುತ್ತದೆ. ಇವರು ನಾಳೆ ಬೇರೆಯಾದರೆ ಕಂತು ಯಾರು ಕಟ್ಟುತ್ತಾರೆ ಎಂಬ ಬ್ಯಾಂಕಿನ ಅಂಜಿಕೆ ಸುಳ್ಳಲ್ಲ. ಆದರೆ ಮದುವೆಯಾದವರೂ ಬೇರೆಯಾಗುತ್ತಾರೆ. ಬ್ಯಾಂಕಿಗೆ ನಿಜವಾದ ಭದ್ರತೆ ಅಡವಿಟ್ಟ ಮನೆ, ಸಾಲ ತೀರದಿದ್ದರೆ ಅದನ್ನು ವಶಪಡಿಸಿಕೊಳ್ಳುವ ಅಧಿಕಾರ 2002ರ ಸರ್ಫೇಸಿ ಕಾಯ್ದೆಯಿಂದಲೇ ಬಂದಿದೆ. ಇಬ್ಬರು ಸಹಿ ಹಾಕಿದ ಸಾಲಕ್ಕೆ ಇಬ್ಬರೂ ಬಾಧ್ಯರು. ಒಬ್ಬರಿಗಿಂತ ಇಬ್ಬರು ಬಾಧ್ಯರಾಗುವುದು ಬ್ಯಾಂಕಿಗೆ ಹೆಚ್ಚು ಕ್ಷೇಮ.

‘ಅಷ್ಟೆಲ್ಲ ಯಾಕೆ, ಮದುವೆಯಾಗಿಬಿಡಲಿ’ ಎನ್ನುವವರಿದ್ದಾರೆ. ಆಗಬಲ್ಲವರು, ಆಗಬಯಸುವವರು ಖಂಡಿತ ಆಗಲಿ. ಆದರೆ ಜಾತಿ ಧರ್ಮ ಬೇರೆಯಾದ ಜೋಡಿ 1954ರ ವಿಶೇಷ ವಿವಾಹ ಕಾಯ್ದೆಯಡಿ ಹೋದರೆ 30 ದಿನ ನೋಟಿಸು ಕಚೇರಿಯ ಗೋಡೆಯ ಮೇಲೆ ತೂಗುತ್ತದೆ. ಊರಿಗೆ ಹೆದರಿ ಓಡಿಬಂದವರಿಗೆ ಆ 30 ದಿನ ಎಂಥವೆಂದು ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಮದುವೆ ಕಾನೂನಿನಲ್ಲಿ ಮುರಿಯದವರಿಗೆ ಇನ್ನೊಂದು ಮದುವೆ ಸಾಧ್ಯವೇ ಇಲ್ಲ. ಒಂದೇ ಲಿಂಗದ ಜೋಡಿಗೆ ಮದುವೆಯ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಹೇಳಿತು. ಆದರೂ ಮರುವರ್ಷ ಕೇಂದ್ರ ಸರ್ಕಾರ ಅವರು ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲವೆಂದು, ಪಡಿತರ ಚೀಟಿಗೆ ಒಂದೇ ಕುಟುಂಬವೆಂದು ಪರಿಗಣಿಸಬೇಕೆಂದು ಸ್ಪಷ್ಟಪಡಿಸಿತು. ಮದುವೆಯನ್ನು ಮುಟ್ಟದೆಯೂ ಬದುಕಿನ ಅಗತ್ಯಗಳನ್ನು ಗುರುತಿಸಬಹುದೆಂಬುದಕ್ಕೆ ಇದೇ ನಿದರ್ಶನ. ಇಂಥ ಅನುಕೂಲ ಮಾಡಿಕೊಟ್ಟರೆ ಮದುವೆ ಎಂಬ ಸಂಸ್ಥೆಯೇ ಸಡಿಲವಾಗುತ್ತದೆ ಎಂಬ ಆತಂಕವನ್ನೂ ಗೌರವದಿಂದಲೇ ಕೇಳುತ್ತೇನೆ. ಆದರೆ ದುಡ್ಡು ಹಾಕಿದವರಿಗೆ ಪಾಲು ಸಿಗುವುದರಿಂದ ಯಾರ ಮದುವೆಗೆ ಕೇಡು? ಪಾಲು ಸಿಗದಿದ್ದಾಗ ಬೀದಿಗೆ ಬೀಳುವವಳು ಬಹುಪಾಲು ಹೆಣ್ಣು, ಅವಳ ಹಿಂದೆಯೇ ಮಕ್ಕಳು.

ಇನ್ನೊಂದು ಆಕ್ಷೇಪ ಜೋಡಿಗಳ ಒಳಗಿನಿಂದಲೇ ಬರುವಂಥದು: ಪ್ರೀತಿ ಇದ್ದಲ್ಲಿ ಲೆಕ್ಕ ಬರೆಯುವುದು ಅಪನಂಬಿಕೆ. ಇದಕ್ಕೆ ಉತ್ತರ 1882ರ ಅದೇ ಕಾಯ್ದೆಯ 45ನೇ ಕಲಮಿನಲ್ಲಿದೆ. ಇಬ್ಬರು ಕೂಡಿ ಕೊಂಡ ಆಸ್ತಿಯಲ್ಲಿ ಯಾರು ಎಷ್ಟು ಹಾಕಿದರೋ ಅಷ್ಟು ಅವರ ಪಾಲು, ಎಷ್ಟು ಹಾಕಿದರೆಂಬುದಕ್ಕೆ ಆಧಾರವಿಲ್ಲದಿದ್ದರೆ ಸಮಪಾಲು. ಆ ಇಬ್ಬರು ಗಂಡಹೆಂಡಿರಾಗಿರಬೇಕೆಂದು ಕಲಮು ಕೇಳುವುದಿಲ್ಲ. ಕಾಗದವನ್ನು ಬರೆಸುವುದು ಪ್ರೀತಿ ಗಟ್ಟಿಯಿರುವಾಗಲೇ ಸುಲಭ, ಮುನಿಸು ಬಂದ ಮೇಲೆ ಯಾರೂ ಸಹಿ ಹಾಕರು. ಜಂಟಿ ಹೆಸರಿನಿಂದ ಎಲ್ಲವೂ ಬಗೆಹರಿಯುತ್ತದೆ ಎಂದಲ್ಲ. ಒಬ್ಬರು ತೀರಿಕೊಂಡರೆ ಅವರ ಪಾಲು ಅವರ ವಾರಸುದಾರರಿಗೇ ಹೋಗುವುದರಿಂದ ಇಬ್ಬರು ಸಾಕ್ಷಿಗಳ ಎದುರು ವಿಲ್ ಬರೆಯಲೇಬೇಕು. ಮುಸ್ಲಿಮರಾದರೆ ವಾರಸುದಾರರ ಒಪ್ಪಿಗೆಯಿಲ್ಲದೆ ವಿಲ್ ಆಸ್ತಿಯ ಮೂರನೇ ಒಂದು ಪಾಲನ್ನು ಮೀರುವಂತಿಲ್ಲ, ಅವರಿಗೆ ಖರೀದಿ ಪತ್ರದಲ್ಲಿನ ಹೆಸರೇ ಇನ್ನೂ ಹೆಚ್ಚಿನ ರಕ್ಷಣೆ.

ವಸತಿ ಯೋಜನೆಯ ಅರ್ಜಿಯಲ್ಲಿ ಗಂಡ, ಹೆಂಡತಿ ಎಂಬ ಅಂಕಣದ ಪಕ್ಕದಲ್ಲಿ ‘ಸಹ-ನಿವಾಸಿ’ ಎಂಬ ಅಂಕಣ ಸೇರಿಸಲು, ದಾನಪತ್ರದ ರಿಯಾಯಿತಿಯನ್ನು ಒಂದೇ ಮನೆಯ ಸಹ-ಮಾಲೀಕರಿಗೂ ಕೊಡಲು ರಾಜ್ಯ ಸರ್ಕಾರ ಮನಸ್ಸು ಮಾಡಬೇಕು. ಅದು ಆಗುವವರೆಗೂ ಕೂಡಿ ದುಡಿದು ಜಾಗ ಹಿಡಿದವರಿಗೆ ನನ್ನ ಕೋರಿಕೆ ಇಷ್ಟೇ. ಬಾಂಡಿಗೆ ನಿಲ್ಲಬೇಡಿ, ಅಫಜಲಪುರದ ಉಪನೋಂದಣಿ ಕಚೇರಿಯವರೆಗೆ ಹೋಗಿ. ಕೊಟ್ಟ ದುಡ್ಡು ಇಬ್ಬರ ಖಾತೆಯಿಂದಲೂ ಹೋದದ್ದು ಕಾಣುವಂತೆ ಇಡಿ, ಪತ್ರದಲ್ಲಿ ಇಬ್ಬರ ಹೆಸರನ್ನೂ ಇಬ್ಬರ ಪಾಲನ್ನೂ ಬರೆಸಿ.